ಮೊದಲ ಕಿರುಚಿತ್ರ: ಒಂದು ಅಡುಗೆಮನೆ, ಎರಡು ಪಾತ್ರ, ಮೂರು ಫೋನು

ಕಿರುಚಿತ್ರ ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು "ಯಾವ ಕ್ಯಾಮೆರಾ ತಗೊಳ್ಳಲಿ?" ಅಂತ. ಉತ್ತರ ಚಿಕ್ಕದು: ಜೇಬಿನಲ್ಲಿರುವ ಫೋನು ಸಾಕು. ಕೂಡಿಟ್ಟ ದುಡ್ಡನ್ನೆಲ್ಲ ಕ್ಯಾಮೆರಾಕ್ಕೆ ಸುರಿದು, ಮಾತು ಮಾತ್ರ ಬಾವಿಯೊಳಗಿಂದ ಬಂದ ಹಾಗೆ ಕೇಳಿಸುವ ಕಿರುಚಿತ್ರಗಳು ಯೂಟ್ಯೂಬಿನಲ್ಲಿ ರಾಶಿ ಬಿದ್ದಿವೆ. ಚಿತ್ರ ಕೊಂಚ ಮಂಕಾದರೆ ನೋಡುವವರು ಸಹಿಸಿಕೊಳ್ಳುತ್ತಾರೆ. ಮಾತು ಕೇಳದಿದ್ದರೆ ಅರ್ಧ ನಿಮಿಷಕ್ಕೆ ಮುಂದಿನ ವಿಡಿಯೊಗೆ ಹೋಗುತ್ತಾರೆ. ಆದ್ದರಿಂದ ಸಲಕರಣೆಗಳ ಪಟ್ಟಿ ಕೊಡುವ ಬದಲು, ಒಂದೇ ಒಂದು ದೃಶ್ಯ ಹಿಡಿದುಕೊಂಡು ಅದನ್ನು ಬರವಣಿಗೆಯಿಂದ ಅಪ್‌ಲೋಡ್‌ವರೆಗೆ ಹೇಗೆ ದಾಟಿಸುವುದು ಅಂತ ಬರೆಯುತ್ತೇನೆ. ಈ ಒಂದು ದೃಶ್ಯ ಸರಿಯಾಗಿ ತೆಗೆಯಲು ಬಂದರೆ ಹತ್ತು ನಿಮಿಷದ ಚಿತ್ರ ತೆಗೆಯಲು ಬರುತ್ತದೆ.

ದೃಶ್ಯ ಇಷ್ಟೇ. ಬೆಳಗ್ಗೆ, ಹಳೆಯ ಮನೆಯ ಅಡುಗೆಮನೆ. ಒಲೆಯ ಮುಂದೆ ನಿಂತರೆ ಬಲಗೈಗೆ ಕಿಟಕಿ, ಬೆನ್ನ ಹಿಂದೆ ಬಾಗಿಲು. ಅಮ್ಮ ಹಾಲು ಕಾಯಿಸುತ್ತಿದ್ದಾಳೆ. ಮಗಳು ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ.

"ಅಮ್ಮಾ, ಸೋಮವಾರ ಹೊರಡ್ತೀನಿ."
"ಯಾವ ಸೋಮವಾರ?"
"ಬರೋ ಸೋಮವಾರ."
ಅಮ್ಮ ಉರಿ ತಗ್ಗಿಸುತ್ತಾಳೆ. "ಸಕ್ಕರೆ ಹಾಕ್ಲಾ?"

ನಾಲ್ಕು ಮಾತು, ಒಂದೂವರೆ ನಿಮಿಷ. ಉಳಿದದ್ದೆಲ್ಲ ಮೌನ, ಹಾಲು, ಉರಿಯ ಸದ್ದು. ಹೊಸಬರಿಗೆ ಇದು ಸುಲಭದ ದೃಶ್ಯ ಅನ್ನಿಸುತ್ತದೆ. ನಿಜಕ್ಕೂ ಒಂದು ಮನೆಯೊಳಗೆ ಚಿತ್ರೀಕರಣ ಕೆಡಿಸಬಲ್ಲ ವಸ್ತುಗಳೆಲ್ಲ ಅಡುಗೆಮನೆಯಲ್ಲೇ ಇರುತ್ತವೆ.

ಬರೆಯುವಾಗ

ಖರ್ಚು ಉಳಿಯುವುದು ಕಾಗದದ ಮೇಲೆ. ಮೊದಲ ಚಿತ್ರಕ್ಕೆ ಎರಡು ಜಾಗ, ಮೂರು ಪಾತ್ರ ದಾಟಬೇಡಿ. ರಾತ್ರಿಯ ಹೊರಾಂಗಣ ಬೇಡ. ಫೋನಿನಲ್ಲಿ ಬೆಳಕು ಹಿಡಿಯುವ ಸೆನ್ಸರ್ ಉಗುರಿನಷ್ಟಿರುತ್ತದೆ, ಕತ್ತಲಲ್ಲಿ ಅದು ಕೊಡುವುದು ಬರೀ ಮರಳು ಮರಳಾದ ಚಿತ್ರ. ಓಡುವ ಬೈಕಿನ ಮೇಲೆ ಮಾತುಕತೆ ಬೇಡ, ಮಳೆ ಬೇಡ. ಹಂಪಿಯಂಥ ಪುರಾತತ್ವ ಇಲಾಖೆಯ ಸ್ಮಾರಕ, ರೈಲ್ವೆ ನಿಲ್ದಾಣ, ಮೆಟ್ರೊ ಎಲ್ಲಕ್ಕೂ ಮೊದಲೇ ಅನುಮತಿ ಬೇಕು. "ಸುಮ್ನೆ ಫೋನಲ್ಲಿ ತೆಗೀತಿದೀವಿ ಸಾರ್" ಅನ್ನುವ ಮಾತು ಟ್ರೈಪಾಡ್ ಬಿಚ್ಚುವವರೆಗೆ ಮಾತ್ರ ನಡೆಯುತ್ತದೆ.

ಇಂಗ್ಲಿಷ್ ಚಿತ್ರಕಥೆಯ "ಪುಟಕ್ಕೊಂದು ನಿಮಿಷ" ಲೆಕ್ಕ ಅವರ ಅಕ್ಷರದ ಅಳತೆಗೆ, ಅವರ ಪುಟದ ವಿನ್ಯಾಸಕ್ಕೆ ಹೊಂದುವಂಥದ್ದು. ಕನ್ನಡದಲ್ಲಿ ಟೈಪ್ ಮಾಡಿದ ಪುಟಕ್ಕೆ ಅದು ಕೂರುವುದಿಲ್ಲ. ಫೋನಿನ ಸ್ಟಾಪ್‌ವಾಚ್ ಒತ್ತಿ, ನಡಿಗೆ, ಮೌನ ಎಲ್ಲ ಸೇರಿಸಿ ಗಟ್ಟಿಯಾಗಿ ಓದಿ. ಓದುವಾಗಲೇ "ನಾನು ಸೋಮವಾರ ಹೊರಡುತ್ತೇನೆ" ಅನ್ನುವಂಥ ಪುಸ್ತಕದ ಕನ್ನಡ ನಾಲಿಗೆಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ನಟಿಯ ಬಾಯಿಗೆ ಬಿಡಿ. ಆಕೆ ಧಾರವಾಡದವರಾದರೆ "ಸೋಮವಾರ ಹೊಂಡ್ತೀನಿ" ಅನ್ನಲಿ. ಬೆಂಗಳೂರು ಕನ್ನಡ ಹೇಳಿಕೊಟ್ಟು ಹೇಳಿಸಿದರೆ ಆಕೆಯ ಗಮನವೆಲ್ಲ ಉಚ್ಚಾರದ ಮೇಲಿರುತ್ತದೆ, ಮುಖ ಖಾಲಿಯಾಗುತ್ತದೆ.

ಜಾಗ ನೋಡುವುದು ಅಂದರೆ ಕೇಳುವುದು

ಚಿತ್ರೀಕರಣಕ್ಕೆ ಎರಡು ಮೂರು ದಿನ ಮುಂಚೆ, ತೆಗೆಯಬೇಕೆಂದಿರುವ ಅದೇ ಹೊತ್ತಿಗೆ ಆ ಅಡುಗೆಮನೆಗೆ ಹೋಗಿ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತುಕೊಳ್ಳಿ. ಕೇಳಿದ್ದನ್ನೆಲ್ಲ ಗಂಟೆ ಸಮೇತ ಬರೆದುಕೊಳ್ಳಿ. ಏಳೂಕಾಲಿಗೆ ಕಸದ ಗಾಡಿಯ ಹಾಡು, ಏಳೂವರೆಗೆ ಪಕ್ಕದ ಮನೆಯ ಮಿಕ್ಸಿ, ಎಂಟಕ್ಕೆ ಬೋರ್‌ವೆಲ್ ಮೋಟರು, ಎಂಟೂಕಾಲಿಗೆ ಶಾಲಾ ವ್ಯಾನಿನ ಹಾರನ್ನು. ದಿನವಿಡೀ ನಿಮ್ಮ ಕಿವಿಗೆ ಬೀಳದ ಈ ಸದ್ದುಗಳು ಮೈಕಿಗೆ ಚೆನ್ನಾಗಿ ಬೀಳುತ್ತವೆ. ನಮ್ಮ ಮಿದುಳು ಬೇಡದ್ದನ್ನು ತಾನೇ ಸೋಸುತ್ತದೆ, ಮೈಕಿಗೆ ಆ ವಿದ್ಯೆ ಗೊತ್ತಿಲ್ಲ. ಪಕ್ಕದ ಮನೆಯವರಿಗೆ ಮೊದಲೇ ಹೇಳಿ ಚಟ್ನಿಯನ್ನು ಅರ್ಧ ಗಂಟೆ ಮುಂದೂಡಿಸುವುದು ಸಾಧ್ಯ. ಊರ ಜಾತ್ರೆಯ ಮೈಕನ್ನು ಮುಂದೂಡಿಸಲಾಗದು. ಪಂಚಾಂಗ ನೋಡಿಯೇ ದಿನ ಗೊತ್ತು ಮಾಡಿ.

ಮನೆಯೊಳಗಿನ ಸದ್ದುಗಳಲ್ಲಿ ಫ್ರಿಜ್ ದೊಡ್ಡ ಕಳ್ಳ. ಅದರ ಗುಂಯ್ ಅನ್ನುವ ಸದ್ದು ಒಂದು ಟೇಕಿನಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಎರಡನ್ನು ಜೋಡಿಸಿದಾಗ ಪ್ರತಿ ಕಟ್‌ಗೂ ಸದ್ದು ಬಂದು ಹೋಗಿ ಮಾಡುತ್ತದೆ. ಫ್ರಿಜ್ ಆಫ್ ಮಾಡಿ, ನಿಮ್ಮ ಬೈಕಿನ ಕೀಲಿಯನ್ನು ಅದರೊಳಗೆ ಇಡಿ. ಕೀಲಿ ಇಲ್ಲದೆ ಮನೆಗೆ ಹೋಗಲಾಗುವುದಿಲ್ಲ, ಫ್ರಿಜ್ ಆನ್ ಮಾಡುವುದೂ ಮರೆಯುವುದಿಲ್ಲ. ಫ್ಯಾನ್, ಯುಪಿಎಸ್, ಅಕ್ವೇರಿಯಮ್ಮಿನ ಪಂಪು, ಗೋಡೆ ಗಡಿಯಾರ ಇವಕ್ಕೂ ರಜೆ. ಫ್ಯಾನಿಲ್ಲದೆ ನಟಿಯರು ಬೆವರುತ್ತಾರೆ. ಟವೆಲ್ಲು, ನೀರು ಹತ್ತಿರವಿರಲಿ.

ಟ್ಯೂಬ್‌ಲೈಟ್ ಯಾಕೆ ಮಿಣುಕುತ್ತದೆ

ನಮ್ಮಲ್ಲಿ ಮನೆಗೆ ಬರುವ ಕರೆಂಟು 50 ಹರ್ಟ್ಸ್. ಅಂದರೆ ಸೆಕೆಂಡಿಗೆ 50 ಸುತ್ತು. ಒಂದು ಸುತ್ತಿಗೆ ಎರಡು ಸಲದಂತೆ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಹೆಚ್ಚುಕಡಿಮೆಯಾಗಿ ಉರಿಯುತ್ತವೆ. ಕಣ್ಣಿಗೆ ಕಾಣದ ಇದು ಕ್ಯಾಮೆರಾಕ್ಕೆ ಕಾಣುತ್ತದೆ. ಶಟರ್ ತೆರೆದಿರುವ ಹೊತ್ತು ಈ ಮಿಣುಕಿಗೆ ಸರಿಹೊಂದದಿದ್ದರೆ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಮೇಲಿಂದ ಕೆಳಕ್ಕೆ ಜಾರುತ್ತವೆ. ಶಟರ್ 1/50 ಸೆಕೆಂಡ್ ಇದ್ದರೆ ಪ್ರತಿ ಫ್ರೇಮಿಗೂ, ಅಂದರೆ ವಿಡಿಯೊದ ಒಂದೊಂದು ಚಿತ್ರಕ್ಕೂ, ಸರಿಯಾಗಿ ಎರಡು ಮಿಣುಕು, 1/100 ಇದ್ದರೆ ಒಂದು, ಪಟ್ಟೆ ಬರುವುದಿಲ್ಲ. 1/60 ಇಟ್ಟರೆ ಬಂದೇ ಬರುತ್ತದೆ. ಅಮೆರಿಕದ ಯೂಟ್ಯೂಬರ್‌ಗಳು ಹೇಳುವ 1/60 ಅವರ 60 ಹರ್ಟ್ಸ್ ಕರೆಂಟಿಗೆ ಹೇಳಿದ್ದು, ಅದನ್ನು ಇಲ್ಲಿ ತಂದು ಹಚ್ಚಬೇಡಿ. ಇದೇ ಕಾರಣಕ್ಕೆ ಮನೆಯೊಳಗಿನ ದೀಪದಲ್ಲಿ 120 ಫ್ರೇಮಿನ ಸ್ಲೋಮೋಷನ್ ಹೊಡೆದರೂ ಮಿಣುಕುತ್ತದೆ. ಅದಕ್ಕೆ ಬಿಸಿಲಿಗೆ ಹೋಗಿ.

ಹಾಗಾಗಿ ಸೆಕೆಂಡಿಗೆ 25 ಫ್ರೇಮು, ಶಟರ್ 1/50. ಮುಂದೆ ಚಿತ್ರೋತ್ಸವಕ್ಕೆ, ಥಿಯೇಟರಿನ ಡಿಸಿಪಿಗೆ (ಥಿಯೇಟರಿನಲ್ಲಿ ಹಾಕುವ ಡಿಜಿಟಲ್ ಪ್ರತಿಗೆ) ಅಂತ ಆಸೆಯಿದ್ದರೆ 24 ಫ್ರೇಮು ಇಟ್ಟು ಶಟರ್ ಮಾತ್ರ 1/50ರಲ್ಲೇ ಬಿಡಿ. ಯಾವುದನ್ನು ಹಿಡಿದರೂ ಇಡೀ ಚಿತ್ರಕ್ಕೆ ಒಂದೇ ಇರಲಿ.

ಫೋನಿನ ಜೊತೆ ಬಂದ ಕ್ಯಾಮೆರಾ ಆ್ಯಪ್‌ನಲ್ಲಿ ಸಾಮಾನ್ಯವಾಗಿ ಶಟರ್ ಕೈಗೆ ಸಿಗುವುದಿಲ್ಲ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನುವ ಆ್ಯಪ್ ಉಚಿತ. ಐಫೋನಿಗೂ ಹಲವು ಆಂಡ್ರಾಯ್ಡ್ ಫೋನುಗಳಿಗೂ ಸಿಗುತ್ತದೆ. ಅದರಲ್ಲಿ ಫ್ರೇಮು, ಶಟರ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ), ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿ ತೋರಿಸುವ ಬಣ್ಣದ ಹೊಂದಾಣಿಕೆ), ಫೋಕಸ್ ಎಲ್ಲಕ್ಕೂ ಬೀಗ ಹಾಕಬಹುದು, ಅಂದರೆ ಫೋನು ತಾನಾಗಿ ಬದಲಿಸದಂತೆ ತಡೆಯಬಹುದು. ಬೀಗ ಹಾಕದಿದ್ದರೆ ಆಗುವುದೇನು? ಅಮ್ಮ ಬಿಳಿ ಹಾಲಿನ ಪಾತ್ರೆ ಎತ್ತಿದ ಕೂಡಲೇ ಫೋನು "ಬೆಳಕು ಜಾಸ್ತಿಯಾಯ್ತು" ಅಂದುಕೊಂಡು ಇಡೀ ಚಿತ್ರವನ್ನು ಮಂಕು ಮಾಡುತ್ತದೆ. ಪಾತ್ರೆ ಇಳಿಸಿದರೆ ಮತ್ತೆ ಬೆಳಗುತ್ತದೆ. ಹವ್ಯಾಸಿ ಚಿತ್ರ ಅಂತ ಒಂದೇ ನೋಟಕ್ಕೆ ಗೊತ್ತಾಗುವುದು ಇದರಿಂದಲೇ.

ಫ್ಲೈಟ್ ಮೋಡ್ ಹಾಕಿ, ಬೆಳಕು ನೆರಳನ್ನು ಫೋನು ತಾನೇ ತಿದ್ದುವ ಎಚ್‌ಡಿಆರ್ ಆಫ್ ಮಾಡಿ, ಲೆನ್ಸನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಕಿಟಕಿಯ ಸುತ್ತ ಹೊಗೆಯಂಥ ಪ್ರಭೆ ಕಂಡರೆ ಅದು ಹೆಚ್ಚಿನ ಸಲ ಬೆರಳಿನ ಜಿಡ್ಡು. ಜಾಗದ ಲೆಕ್ಕ: ಸೆಕೆಂಡಿಗೆ 50 ಮೆಗಾಬಿಟ್ಟಿನಲ್ಲಿ ತೆಗೆದರೆ ನಿಮಿಷಕ್ಕೆ 375 ಎಂಬಿ, ಗಂಟೆಗೆ 22.5 ಜಿಬಿ. ಹತ್ತು ನಿಮಿಷದ ಚಿತ್ರಕ್ಕೆ ಒಂದು ಗಂಟೆಯಷ್ಟು ಫೂಟೇಜ್ ಆಗುವುದು ಸಹಜ. ಫೋನಿನಲ್ಲಿ 64 ಜಿಬಿ ಖಾಲಿ ಇದ್ದರೆ ನಿಶ್ಚಿಂತೆ.

ಕಿಟಕಿ, ಪಂಚೆ, ಥರ್ಮಾಕೋಲ್

ಫೋನಿನ ಮುಖ್ಯ ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಗೆ ಬಿಡುವ ಕಂಡಿ, ಸಾಮಾನ್ಯವಾಗಿ ಬದಲಾಗುವುದಿಲ್ಲ. ಶಟರಿಗೆ 1/50 ಅಂತ ಬೀಗ ಹಾಕಿದ್ದೀರಿ. ಇನ್ನು ಉಳಿದದ್ದು ಐಎಸ್‌ಒ ಮತ್ತು ಬೆಳಕು. ಐಎಸ್‌ಒ 400ರ ಒಳಗಿದ್ದರೆ ಚೆನ್ನ. 800 ದಾಟಿತೆಂದರೆ ಸೆಟಿಂಗ್ ತಿರುವುವುದು ಬಿಟ್ಟು ಬೆಳಕು ತನ್ನಿ.

ಅಡುಗೆಮನೆಯ ಟ್ಯೂಬ್‌ಲೈಟ್ ಆರಿಸಿ. ಮೇಲಿಂದ ಬೀಳುವ ಅದರ ಬೆಳಕು ಕಣ್ಣಿನ ಕೆಳಗೆ ಗುಳಿ ತೋಡುತ್ತದೆ, ಕಿಟಕಿಯ ಬೆಳಕಿನೊಡನೆ ಬಣ್ಣವೂ ಹೊಂದುವುದಿಲ್ಲ: ಒಂದು ಕೆನ್ನೆ ಹಸಿರು ಮಿಶ್ರಿತ, ಇನ್ನೊಂದು ಸರಿ. ಈ ಬೆರಕೆಯನ್ನು ಎಡಿಟಿಂಗಿನಲ್ಲಿ ಬಿಡಿಸುವುದು ಹೆಚ್ಚುಕಡಿಮೆ ಆಗದ ಕೆಲಸ. ಕಿಟಕಿಯೊಂದನ್ನೇ ನಂಬಿ, ವೈಟ್ ಬ್ಯಾಲೆನ್ಸನ್ನು ಹಗಲ ಬೆಳಕಿನ 5600 ಕೆಲ್ವಿನ್‌ಗೆ ಬೀಗ ಹಾಕಿ. ನೇರ ಬಿಸಿಲು ಒಳಗೆ ಬೀಳುತ್ತಿದ್ದರೆ ಕಿಟಕಿಯ ಹೊರಗಿನಿಂದ ಒಂದು ಬಿಳಿ ಪಂಚೆಯನ್ನು ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿ. ಸಾಲದಿದ್ದರೆ ಎರಡು ಮಡಿಕೆ. ಬಿಸಿಲ ಚೌಕ ಕರಗಿ, ಇಡೀ ಕಿಟಕಿಯೇ ಒಂದು ದೊಡ್ಡ ಮೃದು ದೀಪವಾಗುತ್ತದೆ. ಅಂಚು ಬಣ್ಣದ ಪಂಚೆಯಾದರೆ ಅಂಚು ಮಡಿಚಿಡಿ, ಅದರ ಬಣ್ಣ ಗೋಡೆಗೆ ಬೀಳುತ್ತದೆ.

ಈಗ ಕ್ಯಾಮೆರಾ ಎಲ್ಲಿಡಬೇಕು? ಹೊಸಬರು ಕಿಟಕಿಗೆ ಬೆನ್ನು ಕೊಟ್ಟು ನಿಂತು ತೆಗೆಯುತ್ತಾರೆ. ಮುಖವೆಲ್ಲ ಬೆಳ್ಳಗೆ, ಆಧಾರ್ ಕಾರ್ಡಿನ ಫೋಟೊ ಹಾಗೆ ಚಪ್ಪಟೆ. ಕಿಟಕಿ ಅಮ್ಮನ ಬಲಕ್ಕಿದೆ, ಹಾಗಾದರೆ ಕ್ಯಾಮೆರಾ ಆಕೆಯ ಎಡಕ್ಕೆ ಹೋಗಲಿ, ನೆರಳಿನ ಬದಿಗೆ. ಆಗ ದೂರದ ಕೆನ್ನೆ, ಮೂಗಿನ ಅಂಚು ಬೆಳಗುತ್ತವೆ, ನಮ್ಮ ಕಡೆಯ ಕೆನ್ನೆ ನೆರಳಿನಲ್ಲಿರುತ್ತದೆ. ಮುಖಕ್ಕೆ ಉಬ್ಬುತಗ್ಗು ಬರುತ್ತದೆ. ನೆರಳು ತೀರಾ ಕಪ್ಪಾದರೆ ಕ್ಯಾಮೆರಾದ ಪಕ್ಕ, ಮುಖದಿಂದ ಮೂರು ಅಡಿಗೆ ಒಂದು ಥರ್ಮಾಕೋಲ್ ಹಲಗೆ ಹಿಡಿಸಿ. ಇನ್ನೂ ಬೇಕಾದರೆ ಹತ್ತಿರ ತನ್ನಿ, ಸಾಕಾದರೆ ಹಿಂದೆ ಸರಿಸಿ. ಅಡುಗೆಮನೆಯ ಗೋಡೆಗೆ ಗಿಳಿಹಸಿರು ಬಣ್ಣ ಬಳಿದಿದ್ದರೆ ಅದೂ ಒಂದು ಹಸಿರು ಥರ್ಮಾಕೋಲ್ ಹಾಗೆ ಕೆಲಸ ಮಾಡುತ್ತದೆ. ಚೌಕಟ್ಟಿನ ಹೊರಗಿರುವ ಗೋಡೆಗೆ ಬಿಳಿ ಬೆಡ್‌ಶೀಟ್ ಇಳಿಬಿಡಿ.

ಕಿಟಕಿ ಬೆಳಕಿಗೆ ಒಂದು ದೌರ್ಬಲ್ಯವಿದೆ: ಸೂರ್ಯ ನಿಮಗಾಗಿ ಕಾಯುವುದಿಲ್ಲ. ಏಳೂವರೆಗೆ ತೆಗೆದ ಅಮ್ಮನ ಮುಖವನ್ನು ಹನ್ನೊಂದಕ್ಕೆ ತೆಗೆದ ಮಗಳ ಮುಖದ ಪಕ್ಕ ಇಟ್ಟರೆ ಅವರಿಬ್ಬರೂ ಬೇರೆ ಬೇರೆ ದಿನ ಮಾತಾಡಿದ ಹಾಗಿರುತ್ತದೆ. ಇಬ್ಬರ ಹತ್ತಿರದ ಶಾಟುಗಳನ್ನು ಬೆನ್ನುಬೆನ್ನಿಗೆ ಮುಗಿಸಿ.

ಹೊರಾಂಗಣದಲ್ಲಿ ಸಮಸ್ಯೆ ತಿರುಗುಮುರುಗು. ನಡು ಮಧ್ಯಾಹ್ನದ ಬಿಸಿಲಿಗೆ 1/50ರಲ್ಲಿ ಚಿತ್ರ ಪೂರ್ತಿ ಬೆಳ್ಳಗಾಗುತ್ತದೆ. ಎಫ್ 1.8 ಅಪರ್ಚರಿನ ಲೆನ್ಸು, ಐಎಸ್‌ಒ 50 ಅಂತ ಹಿಡಿದರೆ ಸುಮಾರು ಆರು ಸ್ಟಾಪ್ ಬೆಳಕು ಕತ್ತರಿಸಬೇಕು (ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕಿಳಿಯುತ್ತದೆ), ಅಂದರೆ ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು, ಎನ್‌ಡಿ 64 ಫಿಲ್ಟರ್. ಫಿಲ್ಟರ್ ಇಲ್ಲದಿದ್ದರೆ ಮರದ ನೆರಳಿಗೆ ಹೋಗಿ ಅಥವಾ ಸಂಜೆ ಐದರ ಮೇಲೆ ತೆಗೆಯಿರಿ.

ಮೈಕು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮೈಕಿನ ಬೆಲೆಗಿಂತ ಮೈಕಿನ ದೂರ ಮುಖ್ಯ. ಬಾಯಿಂದ ಮೈಕಿಗೆ ಇರುವ ದೂರ ಎರಡರಷ್ಟಾದರೆ ಮಾತು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯ ಪ್ರತಿಧ್ವನಿ ಮಾತ್ರ ಅಷ್ಟೇ ಇರುತ್ತದೆ. ಟೈಲ್ಸ್ ಹಾಕಿದ ಅಡುಗೆಮನೆಯಲ್ಲಿ ಐದು ಅಡಿ ದೂರದ ಫೋನಿನಿಂದ ಮಾತು ಹಿಡಿದರೆ ಬಚ್ಚಲುಮನೆಯ ಸಂಗೀತ ಕಛೇರಿಯೇ. ಆದ್ದರಿಂದ ಮೈಕು ಬಾಯಿಂದ ಒಂದು ಗೇಣು ಕೆಳಗೆ, ಎದೆಯ ಮೇಲೆ ಇರಬೇಕು.

ಇದಕ್ಕೆ ಅಗ್ಗದ ದಾರಿ: ಎರಡು ವೈರಿನ ಕಾಲರ್ ಮೈಕು, ತಂಡದವರ ಎರಡು ಹಳೆಯ ಫೋನು. ಒಂದೊಂದು ಪಾತ್ರಕ್ಕೆ ಒಂದೊಂದು ಮೈಕು, ಒಂದೊಂದು ಫೋನು. ಫೋನು ಸೊಂಟದಲ್ಲಿ ಅಥವಾ ಜೇಬಿನಲ್ಲಿ. ವೇವ್ ಫೈಲ್ (ಧ್ವನಿಯನ್ನು ಹಿಂಡದೆ ಹಾಗೇ ಉಳಿಸುವ ಫೈಲು) ಕೊಡುವ ರೆಕಾರ್ಡರ್ ಆ್ಯಪ್ ಹಾಕಿ 48 ಕಿಲೋಹರ್ಟ್ಸ್‌ಗೆ ಇಡಿ. ಆಟೊ ಗೇನ್ ಆಫ್ ಇರಲಿ. ಇಲ್ಲದಿದ್ದರೆ ಮಾತು ನಿಂತ ಕೂಡಲೇ ಫೋನು ತಾನಾಗಿ ದನಿ ಏರಿಸಿ ಹಿನ್ನೆಲೆಯ ಸುಯ್ ಸದ್ದನ್ನು ಮೇಲಕ್ಕೆಳೆಯುತ್ತದೆ, ನಮ್ಮ ದೃಶ್ಯದಲ್ಲೋ ಮೌನವೇ ಜಾಸ್ತಿ. ನಟಿ ಆ ದೃಶ್ಯದಲ್ಲಿ ಎಷ್ಟು ಜೋರಾಗಿ ಮಾತಾಡುತ್ತಾಳೋ ಅಷ್ಟೇ ಜೋರಾಗಿ ಹೇಳಿಸಿ, ಆ್ಯಪ್‌ನಲ್ಲಿ ದನಿಯ ಮಟ್ಟ ತೋರಿಸುವ ಮೀಟರ್ ಅತಿ ಹೆಚ್ಚೆಂದರೆ ಮೈನಸ್ 12 ಡೆಸಿಬೆಲ್‌ಗೆ ತಾಗುವ ಹಾಗೆ ಇಡಿ.

ಮೈಕಿನ ಪಿನ್ನನ್ನು ಒಮ್ಮೆ ಕಣ್ಣ ಹತ್ತಿರ ಹಿಡಿದು ನೋಡಿ. ಫೋನಿಗೆ ಹೊಂದುವ ಪಿನ್ನಿನಲ್ಲಿ ಮೂರು ಕಪ್ಪು ಉಂಗುರಗಳಿರುತ್ತವೆ, ಕ್ಯಾಮೆರಾಕ್ಕೆಂದು ಮಾಡಿದ್ದರಲ್ಲಿ ಎರಡು. ಎರಡುಂಗುರದ್ದನ್ನು ಫೋನಿಗೆ ಚುಚ್ಚಿದರೆ ಫೋನು ಅದನ್ನು ಮೈಕು ಅಂತ ಒಪ್ಪುವುದೇ ಇಲ್ಲ. ತನ್ನ ಹೊಟ್ಟೆಯೊಳಗಿನ ಮೈಕಿನಿಂದಲೇ ರೆಕಾರ್ಡ್ ಮಾಡುತ್ತದೆ, ಮೀಟರೂ ಕುಣಿಯುತ್ತದೆ, ನಿಮಗೆ ಅನುಮಾನವೇ ಬರುವುದಿಲ್ಲ. ಹೆಡ್‌ಫೋನ್ ತೂತಿಲ್ಲದ ಫೋನುಗಳಿಗೆ ಹಾಕುವ ಅಗ್ಗದ ಟೈಪ್ ಸಿ ಅಡಾಪ್ಟರುಗಳಲ್ಲೂ ಇದೇ ಮೋಸ. ಪರೀಕ್ಷೆ ಸುಲಭ: ರೆಕಾರ್ಡ್ ಒತ್ತಿ, ಉಗುರಿನಿಂದ ಕಾಲರ್ ಮೈಕನ್ನು ಕೆರೆಯಿರಿ, ಆಮೇಲೆ ಫೋನಿನ ತಳ ಕೆರೆಯಿರಿ. ಹಾಕಿ ಕೇಳಿ. ಯಾವ ಕೆರೆತ ಜೋರಾಗಿದೆಯೋ ಆ ಮೈಕೇ ಕೆಲಸ ಮಾಡುತ್ತಿರುವುದು. ಪ್ರತಿ ಸಲ ವೈರು ಬಿಚ್ಚಿ ಹಾಕಿದಾಗಲೂ ಈ ಪರೀಕ್ಷೆ ಮಾಡಿ.

ಸೀರೆ ಉಟ್ಟ ಅಮ್ಮನಿಗೆ ಮೈಕು ಕಟ್ಟುವುದು ಒಂದು ಕಲೆ. ಸೆರಗಿಗೆ ಸಿಕ್ಕಿಸಬೇಡಿ, ಅದು ಸದಾ ಓಡಾಡುತ್ತದೆ. ಸೆರಗಿನ ಕೆಳಗೆ ರವಿಕೆಯ ಅಂಚಿಗೆ, ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಕಾಗದದಂಥ ಮೈಕ್ರೊಪೋರ್ ಟೇಪಿನಿಂದ ಅಂಟಿಸಿ. ಮೈಕಿನ ಕೆಳಗೆ ವೈರಿಗೊಂದು ಸಣ್ಣ ಸುತ್ತು ಹಾಕಿ ಅದನ್ನೂ ಟೇಪ್ ಮಾಡಿ, ಎಳೆತ ಮೈಕಿಗೆ ತಟ್ಟುವುದಿಲ್ಲ. ಹತ್ತಿ ಸೀರೆ ಉಡಿಸಿ. ರೇಷ್ಮೆ, ಸಿಂಥೆಟಿಕ್ ಎರಡೂ ಸರಸರ ಅನ್ನುತ್ತವೆ. ತಾಳಿ ಸರ ಮೈಕಿಗೆ ಬಡಿದರೆ ಪ್ರತಿ ಹೆಜ್ಜೆಗೂ ಟಿಕ್ ಟಿಕ್. ಸರವನ್ನು ರವಿಕೆಯೊಳಗೆ ಸೇರಿಸಿ ಅಥವಾ ಹಿಂಬದಿಯಿಂದ ಒಂದು ತುಂಡು ಟೇಪ್ ಹಾಕಿ. ಗಾಜಿನ ಬಳೆ ಬೇಡವೇ ಬೇಡ ಅನ್ನುವುದಿಲ್ಲ. ಉರಿ ತಗ್ಗಿಸುವಾಗ ಬಳೆಯ ಸದ್ದು ಚಂದ. ಆದರೆ ಮಾತಿನ ಮೇಲೆ ಬಳೆ ಬೀಳಬಾರದು; ಮಾತಾಡುವಾಗ ಕೈ ನಿಂತಿರಲಿ ಅಂತ ನಟಿಗೆ ಹೇಳಿಕೊಡಿ.

ಉರಿಯುವ ಗ್ಯಾಸಿನ ಸುಯ್ ಸದ್ದೂ ಮಾತನ್ನು ನುಂಗುತ್ತದೆ. ದೂರದ ಶಾಟಿಗೆ ಒಲೆ ಉರಿಯಲಿ. ಹತ್ತಿರದ ಶಾಟಿನಲ್ಲಿ ಒಲೆ ಕಾಣದಿದ್ದರೆ ಆರಿಸಿಬಿಡಿ. ಕೊನೆಗೆ ಒಲೆ ಒಂದನ್ನೇ ಹಚ್ಚಿ ಹತ್ತಿರದಿಂದ ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ, ಎಡಿಟಿಂಗಿನಲ್ಲಿ ಎಷ್ಟು ಬೇಕೋ ಅಷ್ಟು ಹಚ್ಚಿ. ಹಾಗೆಯೇ ಎಲ್ಲ ಮುಗಿದ ಮೇಲೆ, ಯಾರೂ ಕದಲದೆ, ಖಾಲಿ ಅಡುಗೆಮನೆಯ ಮೌನವನ್ನು ಒಂದು ನಿಮಿಷ ಹಿಡಿಯಿರಿ. ಪ್ರತಿ ಕೋಣೆಯ ಮೌನಕ್ಕೂ ಅದರದೇ ಸದ್ದಿದೆ. ಮಾತುಗಳ ನಡುವೆ ಕತ್ತರಿಸಿದ ಕಡೆಯೆಲ್ಲ ಇದನ್ನು ತುಂಬದಿದ್ದರೆ ರೇಡಿಯೊ ಆನ್ ಆಫ್ ಮಾಡಿದಂತಾಗುತ್ತದೆ. ಈ ಒಂದು ನಿಮಿಷಕ್ಕೆ ತಂಡದವರು ನಗುತ್ತಾರೆ. ನಗಲಿ, ಮುಗಿದ ಮೇಲೆ ಮತ್ತೊಂದು ನಿಮಿಷ ಹಿಡಿಯಿರಿ.

ಡಬ್ಬಿಂಗ್ ಮಾಡಿಕೊಳ್ಳೋಣ ಬಿಡಿ ಅನ್ನುವವರಿದ್ದಾರೆ. ವೃತ್ತಿಪರರಿಗೆ ಸರಿ, ಹೊಸ ನಟಿಗೆ ತನ್ನದೇ ತುಟಿಗೆ ಮಾತು ಕೂರಿಸುವುದು ನಟಿಸುವುದಕ್ಕಿಂತ ಕಷ್ಟ. ಅದರ ಬದಲು, ಶಾಟ್ ಮುಗಿದ ಕೂಡಲೇ, ಭಾವ ಆರುವ ಮೊದಲು, ಇಬ್ಬರನ್ನೂ ಮಲಗುವ ಕೋಣೆಗೆ ಕರೆದೊಯ್ದು ಅದೇ ನಾಲ್ಕು ಮಾತನ್ನು ಮೂರು ಮೂರು ಸಲ ಹೇಳಿಸಿ ರೆಕಾರ್ಡ್ ಮಾಡಿ. ಬೆನ್ನ ಹಿಂದೆ, ಅಕ್ಕಪಕ್ಕ ಕೌದಿ ಅಥವಾ ದಪ್ಪ ರಗ್ಗು ಇಳಿಬಿಟ್ಟರೆ ಪ್ರತಿಧ್ವನಿ ಸಾಯುತ್ತದೆ. ಹತ್ತರಲ್ಲಿ ಎಂಟು ಸಲ ಇದು ಬೇಕಾಗುವುದಿಲ್ಲ. ಉಳಿದ ಎರಡು ಸಲ ಚಿತ್ರ ಉಳಿಯುವುದು ಇದರಿಂದಲೇ.

ಶಾಟುಗಳು

ಅಮ್ಮನಿಂದ ಮಗಳಿಗೆ ನೆಲದ ಮೇಲೆ ಒಂದು ಗೆರೆ ಎಳೆದಿದೆ ಅಂದುಕೊಳ್ಳಿ. ಕ್ಯಾಮೆರಾ ಗೆರೆಯ ಒಂದೇ ಬದಿಯಲ್ಲಿರಬೇಕು, ನಮ್ಮಲ್ಲಿ ಕಿಟಕಿಯ ಎದುರು ಬದಿ. ಆಗ ಎಲ್ಲ ಶಾಟಿನಲ್ಲೂ ಅಮ್ಮ ಚೌಕಟ್ಟಿನ ಎಡಕ್ಕೆ, ಮಗಳು ಬಲಕ್ಕೆ. ಒಂದು ಶಾಟ್ ಗೆರೆ ದಾಟಿ ಕಿಟಕಿ ಕಡೆಯಿಂದ ತೆಗೆದರೆ ಇಬ್ಬರೂ ಜಾಗ ಬದಲಿಸಿದ ಹಾಗೆ, ಅಮ್ಮ ಬೇರೆ ಯಾರನ್ನೋ ನೋಡುತ್ತಿರುವ ಹಾಗೆ ಕಾಣುತ್ತದೆ.

ಮೊದಲು ಮೂಲೆಯಿಂದ ಇಡೀ ದೃಶ್ಯದ ದೂರದ ಶಾಟ್, ಆರಂಭದಿಂದ ಕೊನೆವರೆಗೆ. ಆಮೇಲೆ ಅಮ್ಮನ ಎದೆಮಟ್ಟದ ಶಾಟ್. ಅಮ್ಮನ ಭುಜದ ಹಿಂದಿನಿಂದ ಮಗಳು. ಆಮೇಲೆ ಕೈ ಮಾತ್ರ: ಗ್ಯಾಸಿನ ಗುಂಡಿ ತಿರುಗಿಸುವುದು. ಕೊನೆಗೆ ಉಕ್ಕಿ ಬರುವ ಹಾಲು. ಐದು ಶಾಟು, ಒಂದೊಂದಕ್ಕೆ ಮೂರು ನಾಲ್ಕು ಟೇಕು. ಸಿದ್ಧತೆ ಸೇರಿ ಮೂರು ಗಂಟೆ ಬೇಕು. ಕೈಯ ಶಾಟನ್ನು "ಆಮೇಲೆ ನೋಡೋಣ" ಅಂತ ಬಿಡಬೇಡಿ, ಎಡಿಟಿಂಗ್ ಹೊತ್ತಿಗೆ ಅದೇ ಚಿನ್ನ.

ಮುಖದ ಶಾಟನ್ನು ಫೋನಿನ ಒಂದು ಎಕ್ಸ್ (1x, ಮುಖ್ಯ) ಲೆನ್ಸಿನಲ್ಲಿ ಹತ್ತಿರ ಹೋಗಿ ತೆಗೆದರೆ ಮೂಗು ಉಬ್ಬಿ ಕಿವಿ ಹಿಂದೆ ಸರಿಯುತ್ತದೆ. ಐದಾರು ಅಡಿ ಹಿಂದೆ ನಿಂತು ಎರಡು ಎಕ್ಸ್ ಅಥವಾ ಮೂರು ಎಕ್ಸ್ ಲೆನ್ಸ್, ಅಂದರೆ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್, ಬಳಸಿ. ಬೆಳಕು ಕಡಿಮೆಯಿದ್ದರೆ ಎಷ್ಟೋ ಫೋನುಗಳು ಟೆಲಿ ಲೆನ್ಸ್ ಬಿಟ್ಟು ಮುಖ್ಯ ಲೆನ್ಸಿನ ಚಿತ್ರವನ್ನೇ ಹಿಗ್ಗಿಸಿ ಕೊಡುತ್ತವೆ. ಗೊತ್ತಾಗಬೇಕಾದರೆ ಟೆಲಿ ಲೆನ್ಸಿನ ಮೇಲೆ ಬೆರಳಿಡಿ, ಚಿತ್ರ ಕಪ್ಪಾಗದಿದ್ದರೆ ಮೋಸ ಅಂತಲೇ ಅರ್ಥ.

ಹಾಲು ಒಂದು ಸಲ ಉಕ್ಕಿದರೆ ಮುಗಿಯಿತು, ಎರಡನೇ ಟೇಕಿಗೆ ಕೆನೆ ಕಟ್ಟಿರುತ್ತದೆ. ಅರ್ಧ ಲೀಟರಿನ ನಂದಿನಿ ಪ್ಯಾಕೆಟ್ ನಾಲ್ಕು ತಂದಿಡಿ, ಪಾತ್ರೆಯ ಒಳಗೆ ಹಾಲಿನ ಮಟ್ಟಕ್ಕೆ ಒಂದು ಗುರುತು ಮಾಡಿ. ಪ್ರತಿ ಟೇಕಿನ ಮೊದಲು ಒಲೆ, ಕಟ್ಟೆ, ಸೆರಗು ಹೇಗಿತ್ತು ಅಂತ ಒಬ್ಬರು ಫೋಟೊ ತೆಗೆದುಕೊಳ್ಳಲಿ. ಸಕ್ಕರೆ ಡಬ್ಬಿಯ ಮುಚ್ಚಳ ತಾನಾಗಿ ತೆರೆದು ಮುಚ್ಚುವ ಪವಾಡಗಳು ನಡೆಯುವುದು ಈ ಕೆಲಸಕ್ಕೆ ಆಳಿಲ್ಲದಾಗ.

ಮೂರೂ ಫೋನಿನಲ್ಲಿ ರೆಕಾರ್ಡ್ ಒತ್ತಿ, ಶಾಟ್ ಎಷ್ಟು, ಟೇಕ್ ಎಷ್ಟು ಅಂತ ಜೋರಾಗಿ ಹೇಳಿ, ಕ್ಯಾಮೆರಾಕ್ಕೆ ಕಾಣುವ ಹಾಗೆ ಒಮ್ಮೆ ಚಪ್ಪಾಳೆ ತಟ್ಟಿ. ಐದು ಸೆಕೆಂಡ್ ಬಿಟ್ಟು ಆಕ್ಷನ್. ದೃಶ್ಯ ಮುಗಿದ ಮೇಲೂ ಐದು ಸೆಕೆಂಡ್ ಬಿಟ್ಟು ಕಟ್. ಕೊನೆಯಲ್ಲಿ ಇನ್ನೊಂದು ಚಪ್ಪಾಳೆ, ಇದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಜೋಡಿಸುವುದು

ಮೊದಲ ಕೆಲಸ ಕಾಪಿ. ಮೂರೂ ಫೋನಿನ ಫೈಲುಗಳು ಎರಡು ಬೇರೆ ಬೇರೆ ಡಿಸ್ಕಿಗೆ ಹೋಗುವವರೆಗೆ ಫೋನಿನಿಂದ ಏನನ್ನೂ ಅಳಿಸಬೇಡಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿಕೊಳ್ಳಬೇಡಿ, ಅದು ಹಿಂಡಿ ಹಿಪ್ಪೆ ಮಾಡಿ ಕೊಡುತ್ತದೆ. ಕೇಬಲ್ ಹಾಕಿ.

ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿ ಈ ಕೆಲಸಕ್ಕೆ ಧಾರಾಳ ಸಾಕು. 16 ಜಿಬಿ ರ್‍ಯಾಮ್ ಇದ್ದರೆ ನಿರಾಳ. ಹಳೆಯ ಲ್ಯಾಪ್‌ಟಾಪಿಗೆ ಶಾಟ್‌ಕಟ್, ಕೆಡೆನ್‌ಲೈವ್ ಇವೆ. ರಿಸಾಲ್ವ್‌ನಲ್ಲಿ ಫೈಲು ಒಳಗೆ ತರುವ ಮೊದಲೇ ಪ್ರಾಜೆಕ್ಟಿನ ಫ್ರೇಮು 25 (24ರಲ್ಲಿ ತೆಗೆದಿದ್ದರೆ 24) ಅಂತ ಇಡಿ, ಆಮೇಲೆ ಬದಲಿಸಲು ಬಿಡುವುದಿಲ್ಲ. ವಿಡಿಯೊದಲ್ಲಿ ಮೊದಲ ಚಪ್ಪಾಳೆಗೆ ಕೈ ಕೂಡುವ ಫ್ರೇಮನ್ನು, ಮೈಕಿನ ಫೋನುಗಳ ಧ್ವನಿ ಅಲೆಯಲ್ಲಿ ಕಾಣುವ ಚಪ್ಪಾಳೆಯ ಮೊನೆಗೆ ಹೊಂದಿಸಿ. ಈಗ ಕೊನೆಯ ಚಪ್ಪಾಳೆಗೆ ಹೋಗಿ ನೋಡಿ. ಅದೂ ಕೂಡಿದ್ದರೆ ಸರಿ. ಎರಡು ನಿಮಿಷದ ಟೇಕಿನಲ್ಲೇ ಅದು ಹತ್ತಾರು ಫ್ರೇಮು ಸರಿದಿದ್ದರೆ ವಿಡಿಯೊ ಒಂದೇ ವೇಗದಲ್ಲಿ ರೆಕಾರ್ಡ್ ಆಗಿಲ್ಲ ಅಂತ. ಫೋನಿನ ಸ್ವಂತ ಕ್ಯಾಮೆರಾ ಆ್ಯಪ್‌ಗಳು ಬೆಳಕು, ಬಿಸಿ ನೋಡಿಕೊಂಡು ಫ್ರೇಮನ್ನು ಹೆಚ್ಚುಕಡಿಮೆ ಮಾಡುತ್ತವೆ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ತಂತ್ರಾಂಶದಲ್ಲಿ ಸ್ಥಿರ ಫ್ರೇಮು ಆರಿಸಿ, 25ಕ್ಕೆ ಇಟ್ಟು ಫೈಲನ್ನು ಹಾಯಿಸಿ, ಆಮೇಲೆ ಜೋಡಿಸಿ.

ಇನ್ನು ಕತ್ತರಿ. ಹೊಸಬರು ಯಾರು ಮಾತಾಡುತ್ತಾರೋ ಅವರ ಮುಖ ತೋರಿಸುತ್ತಾರೆ, ಟೆನ್ನಿಸ್ ಪಂದ್ಯದ ಹಾಗೆ. ನಮ್ಮ ದೃಶ್ಯದಲ್ಲಿ "ಯಾವ ಸೋಮವಾರ?" ಅಂದ ಮೇಲೂ ಅಮ್ಮನ ಮುಖದ ಮೇಲೇ ನಿಲ್ಲಿ. ಒಂದು ಸೆಕೆಂಡ್, ಅಂದರೆ 25 ಫ್ರೇಮು. "ಬರೋ ಸೋಮವಾರ" ಅನ್ನುವ ಮಗಳ ದನಿ ಅಮ್ಮನ ಮುಖದ ಮೇಲೆಯೇ ಕೇಳಿ ಬರಲಿ. ಆ ಮಾತು ಮುಗಿಯುವ ನಾಲ್ಕೈದು ಫ್ರೇಮು ಮೊದಲು ಗ್ಯಾಸಿನ ಗುಂಡಿಯ ಮೇಲಿನ ಕೈಗೆ ಹೋಗಿ. ಕೈ ತಿರುಗುತ್ತದೆ, ಉರಿಯ ಸದ್ದು ತಗ್ಗುತ್ತದೆ. ನೀವು ಬೇರೆಯಾಗಿ ಹಿಡಿದುಕೊಂಡ ಒಲೆಯ ಸದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ, ಅದನ್ನು ಅರ್ಧ ಸೆಕೆಂಡಿನಲ್ಲಿ ಇಳಿಸಿ. ಆಮೇಲೆ ಮಗಳ ಮುಖ, "ಸಕ್ಕರೆ ಹಾಕ್ಲಾ?" ಕೇಳಿಸುವುದು ಆ ಮುಖದ ಮೇಲೆ. ಸಂಗೀತ ಬೇಡ. ಬೇಕೇ ಬೇಕು ಅನ್ನಿಸಿದರೆ ನಟನೆ ಅಥವಾ ಕತ್ತರಿ ಎಲ್ಲೋ ತಪ್ಪಿದೆ. ಹಿನ್ನೆಲೆಯಲ್ಲಿ ಯಾರದೋ ಮನೆಯ ಸಿನಿಮಾ ಹಾಡು ಕೇಳಿಸಿದರೆ ಯೂಟ್ಯೂಬ್ ಹಕ್ಕುಸ್ವಾಮ್ಯದ ನೋಟಿಸ್ ಕಳಿಸಬಹುದು, ಅದಲ್ಲದೆ ಹಾಡು ಪ್ರತಿ ಕಟ್‌ಗೂ ಎಗರುತ್ತದೆ.

ಶೀರ್ಷಿಕೆಗೆ ಕನ್ನಡ ಟೈಪ್ ಮಾಡಿದರೆ ಕೆಲವು ಎಡಿಟಿಂಗ್ ತಂತ್ರಾಂಶಗಳು ಒತ್ತಕ್ಷರ ಬಿಡಿಸಿ ಪಕ್ಕಕ್ಕೆ ಚೆಲ್ಲುತ್ತವೆ. "ಅಮ್ಮ" ಹೋಗಿ "ಅಮ್‌ಮ" ಆಗುತ್ತದೆ. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಕನ್ನಡ ಅಕ್ಷರವೇ ಬರುವುದಿಲ್ಲ. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಯೂನಿಕೋಡ್ ಫಾಂಟ್, ನೋಟೊ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ, ಬಳಸಿ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ ತನ್ನಿ. ಇಂಗ್ಲಿಷ್ ಸಬ್‌ಟೈಟಲ್ ಹಾಕುವುದಾದರೆ ಎರಡು ಸಾಲು ದಾಟದಿರಲಿ, ಸಾಲಿಗೆ 42 ಅಕ್ಷರ.

ದುಡ್ಡಿನ ಮಾತು

ಹತ್ತು ನಿಮಿಷದ ಚಿತ್ರ, ಎರಡು ದಿನ, ಎಂಟು ಜನ, ಕೈಯಲ್ಲಿ 20,000 ರೂಪಾಯಿ ಅಂತಿಟ್ಟುಕೊಳ್ಳಿ. ಎರಡು ಮೈಕು, ಅಡಾಪ್ಟರ್ ಸೇರಿ 2,500, ಟ್ರೈಪಾಡ್, ಫೋನ್ ಹಿಡಿಕೆಗೆ 2,500, ಥರ್ಮಾಕೋಲ್, ಬಟ್ಟೆ, ಟೇಪ್, ಒಂದೆರಡು ಒಳ್ಳೆಯ ಬಲ್ಬಿಗೆ 1,500, ಓಡಾಟಕ್ಕೆ 2,000, ಹಾಲು, ಪಾತ್ರೆ, ಬಟ್ಟೆಬರೆ ಅಂತ 1,000, ಬ್ಯಾಕಪ್ ಡಿಸ್ಕಿಗೆ 4,000 ತೆಗೆದಿಡಿ. ಊಟ, ತಿಂಡಿ, ಕಾಫಿಗೆ ತಲೆಗೆ ದಿನಕ್ಕೆ 300ರಂತೆ 4,800. ಇದರಲ್ಲಿ ಮಾತ್ರ ಕಡಿತ ಮಾಡಬೇಡಿ. ಬಿಟ್ಟಿಗೆ ಬಂದ ಜನ ಸಂಬಳವಿಲ್ಲದೆ ಎರಡು ದಿನ ನಿಲ್ಲುತ್ತಾರೆ, ತಿಂಡಿ ತಡವಾದರೆ ಒಂದು ಗಂಟೆ ನಿಲ್ಲುವುದಿಲ್ಲ. ಉಳಿದ 1,700 ಮುಟ್ಟಬೇಡಿ, ಏನಾದರೂ ಒಡೆದೇ ಒಡೆಯುತ್ತದೆ.

ಕಳಿಸುವ ಮುಂಚೆ

ಯೂಟ್ಯೂಬಿಗೆ ಎಚ್.264 ಮಾದರಿಯ ವಿಡಿಯೊ ಫೈಲು, 1080 ಗಾತ್ರದ ಚಿತ್ರಕ್ಕೆ ಸೆಕೆಂಡಿಗೆ 8ರಿಂದ 16 ಮೆಗಾಬಿಟ್, ಧ್ವನಿ ಮೈನಸ್ 14 ಲಫ್ಸ್ (ಇಡೀ ಚಿತ್ರದ ಸರಾಸರಿ ಜೋರಿನ ಅಳತೆ) ಆಸುಪಾಸು. ಇದಕ್ಕಿಂತ ಜೋರಾಗಿದ್ದರೆ ಯೂಟ್ಯೂಬೇ ತಗ್ಗಿಸುತ್ತದೆ, ಮೆಲ್ಲಗಿದ್ದರೆ ಏರಿಸುವುದಿಲ್ಲ. ಆನ್‌ಲೈನಿಗೆ ಸೆನ್ಸಾರ್ ಪತ್ರ ಬೇಕಿಲ್ಲ, ಥಿಯೇಟರಿನಲ್ಲಿ ಸಾರ್ವಜನಿಕವಾಗಿ ತೋರಿಸಲು ಬೇಕು.

ಎಕ್ಸ್‌ಪೋರ್ಟ್ ಆದ ಫೈಲನ್ನು ಮೂರು ಕಡೆ ಹಾಕಿ ನೋಡಿ: ಒಳ್ಳೆಯ ಇಯರ್‌ಫೋನಿನಲ್ಲಿ, ಮನೆಯ ಟಿವಿಯಲ್ಲಿ, ಆಮೇಲೆ ಫೋನಿನ ಸ್ವಂತ ಸ್ಪೀಕರಿನಲ್ಲಿ, ಪಕ್ಕದಲ್ಲಿ ಫ್ಯಾನ್ ಜೋರಾಗಿ ತಿರುಗುತ್ತಿರುವಾಗ. ನೋಡುವ ಹೆಚ್ಚಿನವರಿಗೆ ನಿಮ್ಮ ಚಿತ್ರ ಸಿಗುವುದು ಈ ಮೂರನೆಯ ರೀತಿಯಲ್ಲಿ. ಚಿತ್ರದಲ್ಲಿ ಕೆಲಸ ಮಾಡದ ಒಬ್ಬರ ಕೈಗೆ ಫೋನು ಕೊಟ್ಟು, ಮುಗಿದ ಮೇಲೆ "ಮಗಳು ಯಾವಾಗ ಹೊರಡ್ತಾಳೆ?" ಅಂತ ಒಂದೇ ಪ್ರಶ್ನೆ ಕೇಳಿ. "ಬರೋ ಸೋಮವಾರ" ಅಂತ ಬಂದರೆ ಅಪ್‌ಲೋಡ್ ಮಾಡಿ. "ಎಲ್ಲಿಗೋ ಹೋಗ್ತೀನಿ ಅಂದ್ಲಲ್ಲಾ" ಅಂದರೆ ಒಲೆಯ ಸದ್ದನ್ನು ಇನ್ನೂ 6 ಡೆಸಿಬೆಲ್ ಇಳಿಸಿ ಮತ್ತೆ ಎಕ್ಸ್‌ಪೋರ್ಟ್‌ಗೆ ಹಾಕಿ.